ಕಾಗೆ ಎರಡನೇ ಸಲ ಬಂದಾಗ

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಪಿಂಡ ಇಟ್ಟು ಕಾಗೆಗೆ ಕಾಯುತ್ತೇವೆ. ಕಾಗೆ ಬಂದು ಮುಟ್ಟಿತೋ, ಎಲ್ಲರಿಗೂ ಸಮಾಧಾನ. ಬರದಿದ್ದರೆ ಮನೆಯವರ ಮುಖ ಸಣ್ಣದಾಗುತ್ತದೆ. ‘ಏನೋ ಆಸೆ ಉಳ್ಕೊಂಡಿದೆ’ ಎಂದು ಹಿರಿಯರೊಬ್ಬರು ಮೆಲ್ಲಗೆ ಹೇಳುತ್ತಾರೆ. ಆಗ ಮನೆಯ ಯಾರೋ ಒಬ್ಬರು ಮುಂದೆ ಬಂದು ಎಲೆಗೆ ಕೈಮುಗಿದು ಮಾತು ಕೊಡುತ್ತಾರೆ. ‘ಮಗಳ ಮದುವೆ ನಾವು ಮಾಡ್ತೀವಿ, ನೀನು ಯೋಚ್ನೆ ಮಾಡ್ಬೇಡ.’ ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಒಂದು ಕಾಗೆ ಬಂದು ಕೂರುತ್ತದೆ. ಇದನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ. ಆದರೆ ಆ ಕಾಯುವ ಹೊತ್ತು ಹೇಗಿರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತು.

1994ರಲ್ಲಿ ಬಂದ ‘ದಿ ಕ್ರೋ’ ಎಂಬ ಅಮೆರಿಕನ್ ಸಿನಿಮಾ ನಿಂತಿರುವುದು ಹೆಚ್ಚುಕಡಿಮೆ ಇದೇ ನಂಬಿಕೆಯ ಮೇಲೆ. ಸತ್ತವರ ಆತ್ಮವನ್ನು ಕಾಗೆ ಆಚೆ ಲೋಕಕ್ಕೆ ಕರೆದೊಯ್ಯುತ್ತದೆ. ಆದರೆ ಸಾವು ತೀರಾ ಅನ್ಯಾಯದ್ದಾಗಿದ್ದರೆ ಆತ್ಮಕ್ಕೆ ನೆಮ್ಮದಿ ಸಿಗುವುದಿಲ್ಲ. ಆಗ ಅದೇ ಕಾಗೆ ಅದನ್ನು ವಾಪಸ್ ಕರೆತರುತ್ತದೆ. ಉಳಿದ ಲೆಕ್ಕ ಮುಗಿಸಿ ಅದು ಮತ್ತೆ ಮಲಗಬೇಕು. ಅಲ್ಲಿನ ಕಾಗೆ ನಮ್ಮದಕ್ಕಿಂತ ದೊಡ್ಡದು, ಬಣ್ಣ ಪೂರ್ತಿ ಕಪ್ಪು. ಅದು ಮಾಡುವ ಕೆಲಸ ಮಾತ್ರ ನಮಗೆ ಹೊಸದಲ್ಲ.

ನಾನು ಬರೆಯಲು ಹೊರಟಿರುವುದು ಆ ಸಿನಿಮಾದ ಬಗ್ಗೆ ಅಲ್ಲ. ಎರಡು ವರ್ಷದ ನಂತರ, 1996ರ ಆಗಸ್ಟ್ 30ರಂದು ಬಂದ ಅದರ ಎರಡನೇ ಭಾಗದ ಬಗ್ಗೆ. ಹೆಸರು ‘ದಿ ಕ್ರೋ: ಸಿಟಿ ಆಫ್ ಏಂಜೆಲ್ಸ್’. ವಿಮರ್ಶಕರು ಅದನ್ನು ಹರಿದು ಹಾಕಿದರು. ಮೊದಲನೆಯದನ್ನು ಪ್ರೀತಿಸಿದವರು ಮುಖ ತಿರುಗಿಸಿದರು. ನಿರ್ದೇಶಕ ಮತ್ತು ಚಿತ್ರಕಥೆ ಬರೆದವರೇ ‘ಇದು ನಮ್ಮ ಸಿನಿಮಾ ಅಲ್ಲ’ ಎಂದು ಕೈಬಿಟ್ಟರು. ಹೀಗೆ ಎಲ್ಲರೂ ಕೈಬಿಟ್ಟ ಸಿನಿಮಾದಲ್ಲಿ ನಿಜಕ್ಕೂ ಏನಿತ್ತು, ಅದು ಎಲ್ಲಿ ಕಳೆದುಹೋಯಿತು ಎಂದು ನೋಡುವುದಕ್ಕೆ ಈಗ ಒಂದು ಕಾರಣವೂ ಇದೆ.

2024ರ ಆಗಸ್ಟ್‌ನಲ್ಲಿ ‘ದಿ ಕ್ರೋ’ ಹೊಸದಾಗಿ ಮತ್ತೆ ತೆರೆಗೆ ಬಂತು. ಹೀಗೆ ಮತ್ತೆ ಮಾಡಬೇಕೆಂಬ ಓಡಾಟ ಶುರುವಾಗಿದ್ದು 2008ರಲ್ಲಿ. ನಿರ್ದೇಶಕರು ಬದಲಾದರು, ನಾಯಕನಟರು ಬದಲಾದರು, ಬ್ರಾಡ್ಲಿ ಕೂಪರ್, ಲ್ಯೂಕ್ ಇವಾನ್ಸ್, ಜೇಸನ್ ಮೊಮೋವಾ ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಹೆಸರು ಕೇಳಿಬಂತು. ಕೊನೆಗೆ ಬಿಲ್ ಸ್ಕಾರ್ಸ್‌ಗಾರ್ಡ್ ನಾಯಕರಾದರು. ಸುಮಾರು 5 ಕೋಟಿ ಡಾಲರ್ ಖರ್ಚಾಯಿತು. ಪ್ರಪಂಚದ ಎಲ್ಲ ಕಡೆ ಸೇರಿ ಬಂದಿದ್ದು ಅದರ ಅರ್ಧದ ಆಸುಪಾಸು. ಆಮೇಲೆ ಹಳೆಯ ಮಾತೇ ಮತ್ತೆ ಕೇಳಿಬಂತು. ಈ ಕಥೆ ಒಂದೇ ಸಲ ಆಗುವಂಥದ್ದು, ಇನ್ನೊಮ್ಮೆ ಮುಟ್ಟಬಾರದು ಎಂದು.

ನನಗೆ ಹಾಗೆ ಅನಿಸುವುದಿಲ್ಲ. ಇನ್ನೊಮ್ಮೆ ಮುಟ್ಟಬಹುದಿತ್ತು. 1996ರಲ್ಲಿ ಅದಕ್ಕೆ ಸರಿಯಾದ ದಾರಿಯೂ ಸಿಕ್ಕಿತ್ತು. ದಾರಿ ಹಿಡಿದವರನ್ನು ಅರ್ಧಕ್ಕೇ ವಾಪಸ್ ಕರೆಸಿದರು.

ಆ ಸಿನಿಮಾದ ಕಷ್ಟ ಅರ್ಥವಾಗಬೇಕಾದರೆ ಮೊದಲನೆಯದರ ಮೇಲೆ ಬಿದ್ದ ನೆರಳು ಗೊತ್ತಿರಬೇಕು. ಮೂಲ ಕಥೆ ಜೇಮ್ಸ್ ಓಬಾರ್ ಅವರ ಕಪ್ಪುಬಿಳುಪಿನ ಕಾಮಿಕ್ಸ್. ಮದುವೆಯಾಗಬೇಕಿದ್ದ ಹುಡುಗಿಯನ್ನು 1978ರಲ್ಲಿ ಒಬ್ಬ ಕುಡಿದ ಚಾಲಕ ಕೊಂದುಬಿಟ್ಟ. ಆ ಸಂಕಟ ತಾಳಲಾರದೆ ಓಬಾರ್ ಚಿತ್ರ ಬಿಡಿಸುತ್ತಾ ಹೋದರು. ಅದು 1989ರಲ್ಲಿ ಪ್ರಕಟವಾಯಿತು. ಅದರಿಂದ ಸಿನಿಮಾ ಮಾಡುವಾಗ ನಾಯಕನಾಗಿ ಬಂದವರು ಬ್ರೂಸ್ ಲೀ ಅವರ ಮಗ ಬ್ರ್ಯಾಂಡನ್ ಲೀ.

1993ರ ಮಾರ್ಚ್ ಕೊನೆ. ಉತ್ತರ ಕ್ಯಾರೊಲೈನಾದ ವಿಲ್ಮಿಂಗ್ಟನ್‌ನಲ್ಲಿ ಶೂಟಿಂಗ್. ಅವರ ಭಾಗದ ಕೆಲಸ ಇನ್ನು ಕೆಲವೇ ದಿನದ್ದು. ನಾಯಕನಿಗೆ ಗುಂಡು ಬೀಳುವ ದೃಶ್ಯ. ಅದಕ್ಕೂ ಮುಂಚೆ ಇನ್ನೊಂದು ದೃಶ್ಯಕ್ಕೆ ಬಳಸಿದ್ದ ಡಮ್ಮಿ ತೋಟಾದ ತುದಿ ಬಂದೂಕಿನ ನಳಿಕೆಯಲ್ಲೇ ಸಿಕ್ಕಿಕೊಂಡಿತ್ತು. ಯಾರೂ ಅದನ್ನು ನೋಡಿರಲಿಲ್ಲ. ಮೇಲೆ ಬರೀ ಸದ್ದು ಮಾಡುವ ತೋಟಾ ತುಂಬಿ ಹೊಡೆದಾಗ, ಆ ತುದಿ ನಿಜವಾದ ಗುಂಡಿನ ಹಾಗೆ ಹೊರಗೆ ಹಾರಿತು. ಮಾರ್ಚ್ 31ರಂದು ಬ್ರ್ಯಾಂಡನ್ ತೀರಿಕೊಂಡರು. ಆಗ ಅವರಿಗೆ 28 ವರ್ಷ. ಎರಡೂವರೆ ವಾರ ಕಳೆದಿದ್ದರೆ ಅವರ ಮದುವೆ. ಮದುವೆಯ ಹೊತ್ತಿಗೆ ಕೊಲೆಯಾಗುವ ಹುಡುಗನೊಬ್ಬ ಗೋರಿಯಿಂದ ಎದ್ದು ಬರುವ ಕಥೆಯಲ್ಲಿ ನಟಿಸುತ್ತಿದ್ದವರಿಗೆ ಹೀಗಾಯಿತು.

ಉಳಿದ ದೃಶ್ಯಗಳನ್ನು ಬದಲಿ ನಟನನ್ನು ಇಟ್ಟುಕೊಂಡು, ಕಂಪ್ಯೂಟರ್‌ನಲ್ಲಿ ಬ್ರ್ಯಾಂಡನ್ ಮುಖ ಕೂಡಿಸಿ ಮುಗಿಸಿದರು. ಹಾಗೆ ಬದಲಿಯಾಗಿ ನಿಂತವರಲ್ಲಿ ಒಬ್ಬರು ಚಾಡ್ ಸ್ಟಾಹೆಲ್‌ಸ್ಕಿ. ಮುಂದೆ ‘ಜಾನ್ ವಿಕ್’ ಸಿನಿಮಾಗಳ ನಿರ್ದೇಶಕರಾಗಿ ಹೆಸರು ಮಾಡಿದವರು ಅವರೇ. 1994ರ ಮೇ ತಿಂಗಳಲ್ಲಿ ಸಿನಿಮಾ ಬಿಡುಗಡೆಯಾಯಿತು. ಸುಮಾರು 2.3 ಕೋಟಿ ಡಾಲರ್‌ನಲ್ಲಿ ಮಾಡಿದ್ದು ಅಮೆರಿಕದಲ್ಲೇ 5 ಕೋಟಿಗೂ ಜಾಸ್ತಿ ಗಳಿಸಿತು.

ಜನ ಅದನ್ನು ಹೇಗೆ ನೋಡಿರಬಹುದು ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. 2022ರ ಮಾರ್ಚ್ 17ರಂದು ‘ಜೇಮ್ಸ್’ ನೋಡಲು ಹೋದ ಯಾರನ್ನಾದರೂ ಕೇಳಿ. ಪುನೀತ್ ರಾಜ್‌ಕುಮಾರ್ ಹೋಗಿ ಐದು ತಿಂಗಳೂ ಆಗಿರಲಿಲ್ಲ. ತೆರೆಯ ಮೇಲೆ ಅವರ ಮುಖ, ಕೇಳುವುದು ಅಣ್ಣ ಶಿವಣ್ಣನ ದನಿ. ಅಲ್ಲಿ ಕೂತವರು ಸಿನಿಮಾ ಚೆನ್ನಾಗಿದೆಯಾ, ಇಲ್ಲವಾ ಎಂದು ಅಳೆಯಲು ಹೋಗಿರಲಿಲ್ಲ. ಬೀಳ್ಕೊಡಲು ಹೋಗಿದ್ದರು. ಹಾಗೆ ಬೀಳ್ಕೊಟ್ಟ ಸಿನಿಮಾಕ್ಕೆ ಎರಡು ವರ್ಷದಲ್ಲಿ ಎರಡನೇ ಭಾಗ ಬಂದರೆ, ಅದರಲ್ಲಿ ಬೇರೆ ಯಾರೋ ಅದೇ ವೇಷ ಹಾಕಿಕೊಂಡು ನಿಂತರೆ, ಹೊಟ್ಟೆಯೊಳಗೆ ಏನಾಗುತ್ತದೆ? ಎರಡನೇ ಭಾಗದ ನಾಯಕ ವಿನ್ಸೆಂಟ್ ಪೆರೇಜ್ ಎದುರಿಸಿದ್ದು ಅದನ್ನೇ. ಅವರು ಎಷ್ಟು ಚೆನ್ನಾಗಿ ಮಾಡಿದರೂ ಒಂದು ಸಿಟ್ಟು ಅವರಿಗಾಗಿ ಮೊದಲೇ ಕಾದಿತ್ತು. ಆ ಸಿಟ್ಟನ್ನು ನಾನು ತಪ್ಪು ಎನ್ನುವುದಿಲ್ಲ. ಸಿನಿಮಾದ ಮೇಲೆ ಬಂದ ತೀರ್ಪಿನಲ್ಲಿ ಅದೂ ಸೇರಿಕೊಂಡಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಇದು ಹೊರಗಿನ ಕಷ್ಟ. ಕಥೆಯ ಒಳಗೂ ಒಂದು ಕಷ್ಟ ಇತ್ತು.

ಸತ್ತವನು ಎದ್ದು ಬಂದು ಸೇಡು ತೀರಿಸುವ ಕಥೆಗೆ ಎರಡನೇ ಭಾಗ ಬರೆಯುವುದು ಸುಲಭದ ಕೆಲಸವಲ್ಲ. ಪೊಲೀಸ್ ಕಥೆಯಾದರೆ ಇನ್ನೊಂದು ಕೇಸು ಬರುತ್ತದೆ. ಗೂಢಚಾರನ ಕಥೆಯಾದರೆ ಇನ್ನೊಂದು ಊರು. ಇಲ್ಲಿ ನಾಯಕ ಬಂದಿರುವುದೇ ಲೆಕ್ಕ ಮುಗಿಸಿ ಹೋಗುವುದಕ್ಕೆ. ಲೆಕ್ಕ ಮುಗಿಯಿತು, ಅವನು ಮಣ್ಣಿಗೆ ಹೋದ. ಅವನನ್ನು ಮತ್ತೆ ಎಬ್ಬಿಸಿದರೆ ಮೊದಲ ಸಲ ಕೊಟ್ಟ ನೆಮ್ಮದಿ ಸುಳ್ಳಾಗುತ್ತದೆ. ಎಬ್ಬಿಸದಿದ್ದರೆ ಹಳಬರು ಯಾರೂ ಇಲ್ಲ.

ನಮ್ಮಲ್ಲಿ ಇದಕ್ಕೆ ಒಂದು ಉತ್ತರ ಕಂಡುಕೊಂಡ ಸಿನಿಮಾ ‘ಆಪ್ತರಕ್ಷಕ’. 2004ರ ‘ಆಪ್ತಮಿತ್ರ’ದ ಮುಂದಿನ ಭಾಗ, ಎರಡಕ್ಕೂ ಪಿ. ವಾಸು ಅವರೇ ನಿರ್ದೇಶಕರು. ಮೊದಲ ಮನೆಯವರ ಕಥೆ ಮುಗಿದಿತ್ತು. ಹಾಗಾಗಿ ನಾಗವಲ್ಲಿಯ ಚಿತ್ರಪಟವನ್ನು ಬೇರೆ ಮನೆಗೆ ಸಾಗಿಸಿದರು. ಮನೆ ಹೊಸದು, ಮಂದಿ ಹೊಸಬರು, ಸೇಡು ಹಳೆಯದು, ಡಾಕ್ಟರ್ ಅದೇ ಡಾಕ್ಟರ್. ಆ ಸಿನಿಮಾ 2010ರ ಫೆಬ್ರವರಿಯಲ್ಲಿ ಬಂದಾಗ ವಿಷ್ಣುವರ್ಧನ್ ನಮ್ಮ ಜೊತೆ ಇರಲಿಲ್ಲ, ಹಿಂದಿನ ಡಿಸೆಂಬರ್ 30ಕ್ಕೆ ಹೋಗಿಬಿಟ್ಟಿದ್ದರು. ಅದನ್ನೂ ನಾವು ಕಣ್ಣು ಒರೆಸಿಕೊಂಡೇ ನೋಡಿದ್ದು.

‘ಸಿಟಿ ಆಫ್ ಏಂಜೆಲ್ಸ್’ಗೆ ಚಿತ್ರಕಥೆ ಬರೆದವರು ಡೇವಿಡ್ ಗೋಯರ್. ಅವರು ಕಂಡುಕೊಂಡ ದಾರಿಯೂ ಇದರ ಹತ್ತಿರದ್ದೇ. ಕಾಗೆ ಹಳೆಯದು, ಸತ್ತವನು ಹೊಸಬ. ಎರಡು ಸಿನಿಮಾಗಳನ್ನು ಜೋಡಿಸುವವಳು ಸಾರಾ. ಮೊದಲ ಸಿನಿಮಾದಲ್ಲಿ ಅವಳು ಸ್ಕೇಟ್‌ಬೋರ್ಡ್ ಹಿಡಿದು ಬೀದಿ ಸುತ್ತುವ ಸಣ್ಣ ಹುಡುಗಿ. ಕೊಲೆಯಾದ ಜೋಡಿ, ಎರಿಕ್ ಮತ್ತು ಶೆಲ್ಲಿ, ಅವಳನ್ನು ಮನೆ ಮಗಳ ಹಾಗೆ ನೋಡಿಕೊಂಡಿತ್ತು. ಎರಡನೆಯದರಲ್ಲಿ ಅವಳು ಬೆಳೆದಿದ್ದಾಳೆ, ಲಾಸ್ ಏಂಜಲೀಸ್‌ಗೆ ಬಂದಿದ್ದಾಳೆ. ಹಗಲು ಹಚ್ಚೆ ಅಂಗಡಿಯಲ್ಲಿ ಕೆಲಸ. ರಾತ್ರಿ ಕೂತು ಸಾವಿನ, ಸತ್ತು ಎದ್ದುಬರುವವರ ಚಿತ್ರ ಬರೆಯುತ್ತಾಳೆ. ನಿದ್ದೆಯಲ್ಲೂ ಅದೇ ಕನಸು.

ಈ ಒಂದು ಯೋಚನೆಗೇ ನಾನು ಈ ಸಿನಿಮಾಕ್ಕೆ ಮರ್ಯಾದೆ ಕೊಡುತ್ತೇನೆ. ಸೇಡಿನ ಕಥೆಗಳು ಸತ್ತವನ ಬಗ್ಗೆ ಮಾತಾಡುತ್ತವೆ, ಕೊಂದವನ ಬಗ್ಗೆ ಮಾತಾಡುತ್ತವೆ. ಪಕ್ಕದಲ್ಲಿ ನಿಂತು ಎಲ್ಲ ನೋಡಿದ ಮಗುವಿನ ಬಗ್ಗೆ ಯಾರೂ ಕೇಳುವುದಿಲ್ಲ. ತನಗೆ ಪ್ರೀತಿ ಕೊಟ್ಟವನು ಸತ್ತ, ಎದ್ದು ಬಂದ, ಮತ್ತೆ ಹೋದ. ಇದನ್ನು ನೋಡಿದ ಮಗು ಹೇಗೆ ಬೆಳೆಯುತ್ತದೆ? ಅದಕ್ಕೆ ಸಾವಿನ ಹೆದರಿಕೆ ಇರುತ್ತದಾ, ಅಥವಾ ಸತ್ತವರೇ ಹತ್ತಿರದವರು ಅನಿಸುತ್ತಾರಾ? ಸಾರಾ ಪಾತ್ರ ಮಾಡಿದ ಮಿಯಾ ಕರ್ಶ್ನರ್ ಮಾತು ಕಡಿಮೆ ಮಾಡಿ ಇದನ್ನು ಕಣ್ಣಲ್ಲೇ ಹೇಳುತ್ತಾರೆ. ಕಾಗೆ ಅವಳ ಕೋಣೆಗೆ ಬಂದಾಗ ಅವಳು ಬೆಚ್ಚಿಬೀಳುವುದಿಲ್ಲ. ತುಂಬ ದಿನದಿಂದ ಬರಬೇಕಿದ್ದ ನೆಂಟರು ಬಂದ ಹಾಗೆ ನೋಡುತ್ತಾಳೆ. ಎದ್ದು ಅದರ ಹಿಂದೆ ಹೊರಡುತ್ತಾಳೆ.

ಕಾಗೆ ಅವಳನ್ನು ಕರೆದೊಯ್ಯುವುದು ಬಂದರಿಗೆ. ನೀರಿನಲ್ಲಿ ಒಬ್ಬ ತಂದೆ ಇದ್ದಾನೆ. ಹೆಸರು ಆಶ್ ಕಾರ್ವೆನ್, ಮೆಕ್ಯಾನಿಕ್. ಜೊತೆಗೆ ಮಗ ಡ್ಯಾನಿ. ಸದ್ದು ಕೇಳಿ ನೋಡಲು ಹೋದ ಇಬ್ಬರೂ ಒಂದು ಕೊಲೆಗೆ ಸಾಕ್ಷಿಯಾಗಿಬಿಟ್ಟರು. ಡ್ರಗ್ಸ್ ದಂಧೆಯ ಜೂಡಾ ಅರ್ಲ್ ಎಂಬವನ ಗುಂಪು ಅವರನ್ನೂ ಮುಗಿಸಿ ನೀರಿಗೆ ಎಸೆಯಿತು. ಮಗನನ್ನು ಅಪ್ಪನ ಕಣ್ಣೆದುರೇ ಕೊಂದರು.

ಮೊದಲ ಸಿನಿಮಾದ ದುಃಖ ಪ್ರೇಮಿಯದು. ಇಲ್ಲಿಯದು ಅಪ್ಪನದು. ಈ ವ್ಯತ್ಯಾಸ ಸಣ್ಣದಲ್ಲ. ಪ್ರೇಮಿ ಎದ್ದು ಬಂದರೆ ನೆನಪು ಅವನನ್ನು ನಡೆಸುತ್ತದೆ. ಅವಳ ನಗು, ಅವಳ ಉಡುಪು, ಕೋಣೆಯ ಬೆಳಕು. ಅಪ್ಪ ಎದ್ದು ಬಂದರೆ ಅವನನ್ನು ತಿನ್ನುವುದು ಒಂದೇ ಪ್ರಶ್ನೆ. ನನ್ನ ಕೈಯಲ್ಲಿದ್ದ ಮಗುವನ್ನು ನಾನು ಯಾಕೆ ಉಳಿಸಿಕೊಳ್ಳಲಿಲ್ಲ? ಎಷ್ಟು ಜನರನ್ನು ಕೊಂದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಅಂದರೆ ಮೊದಲ ಸಿನಿಮಾದ ಸೇಡಿಗೆ ಒಂದು ಮುಕ್ತಾಯ ಇತ್ತು, ಇಲ್ಲಿಯದಕ್ಕೆ ಮುಕ್ತಾಯವೇ ಇಲ್ಲ. ಇಂಥ ಕಥೆಗೆ ಬೇರೆ ನಡಿಗೆ ಬೇಕು, ಬೇರೆ ಕೊನೆ ಬೇಕು. ಗೋಯರ್‌ಗೆ ಇದು ಗೊತ್ತಿತ್ತು ಎಂದು ಕಾಣುತ್ತದೆ. ಅವರು ಬರೆದ ಕೊನೆಯಲ್ಲಿ, ಮಗನ ಕಡೆ ಹೋಗಬೇಕಿದ್ದ ಆಶ್ ಸಾರಾಳನ್ನು ಉಳಿಸಲು ಇಲ್ಲೇ ನಿಲ್ಲುತ್ತಾನೆ. ಹೋಗುವ ಹೊತ್ತಿಗೆ ಹೋಗದ ಕಾರಣ ಅವನಿಗೆ ಆಚೆಯ ಲೋಕವೂ ಇಲ್ಲ, ಈಚೆಯದೂ ಇಲ್ಲ. ಅಲೆಯುತ್ತಲೇ ಇರಬೇಕು.

ಇದನ್ನು ಓದಿದಾಗ ನನಗೆ ಮತ್ತೆ ನಮ್ಮ ಪಿಂಡದ ಎಲೆಯೇ ನೆನಪಾಯಿತು. ಕಾಗೆ ಮುಟ್ಟದೇ ಹೋದ ಎಲೆ.

ನಿರ್ದೇಶನಕ್ಕೆ ಕರೆದದ್ದು ಟಿಮ್ ಪೋಪ್ ಎಂಬ ಬ್ರಿಟಿಷ್ ನಿರ್ದೇಶಕರನ್ನು. ‘ದಿ ಕ್ಯೂರ್’ ಎಂಬ ಸಂಗೀತ ತಂಡದ ಹಾಡುಗಳಿಗೆ ವಿಡಿಯೋ ಮಾಡಿ ಹೆಸರು ಪಡೆದವರು. ಅದೇ ತಂಡ ಮೊದಲ ಸಿನಿಮಾಕ್ಕೆ ಒಂದು ಹಾಡು ಕೊಟ್ಟಿತ್ತು. ಪೋಪ್‌ಗೆ ಇದೇ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ. ಕ್ಯಾಮೆರಾ ಹಿಡಿದವರು ಫ್ರಾನ್ಸ್‌ನ ಜಾನ್-ಈವ್ ಎಸ್ಕೋಫಿಯೆ. ಮೊದಲನೆಯದಕ್ಕೆ ಸೆಟ್‌ಗಳಲ್ಲಿ ಊರು ಕಟ್ಟಿಕೊಟ್ಟ ಅಲೆಕ್ಸ್ ಮೆಕ್‌ಡೊವೆಲ್ ಇಲ್ಲೂ ಇದ್ದರು.

ಇವರು ಮಾಡಿದ ಬಣ್ಣದ ಕೆಲಸವನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಮೊದಲ ಸಿನಿಮಾ ಕಪ್ಪು, ಬೂದು, ನಡುವೆ ಒಂಚೂರು ಕೆಂಪು. ಬಿಡದ ಮಳೆ. ಎರಡನೆಯದು ಪೂರ್ತಿ ಹಳದಿ. ಅದೂ ಹಿತವಾದ ಹಳದಿ ಅಲ್ಲ, ಹಳೆಯ ಬೀದಿದೀಪದ ಹಳದಿ. ರಾತ್ರಿ ಹೆದ್ದಾರಿ ಪಕ್ಕದ ಊರಿನಲ್ಲಿ ಬಸ್ಸಿಗೆ ಕಾಯುವಾಗ ಸೋಡಿಯಂ ದೀಪದ ಕೆಳಗೆ ಎಲ್ಲರ ಮುಖವೂ ಜ್ವರ ಬಂದವರ ಹಾಗೆ ಕಾಣುತ್ತಿತ್ತಲ್ವಾ, ಆ ಹಳದಿ. ಅದರ ಮೇಲೆ ಹೊಗೆ, ದೂಳು. ಇದು ಸತ್ತವರ ಊರು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಡಿದರೆ ಸಾಕು, ತಿಳಿಯುತ್ತದೆ. ಬದುಕಿರುವವರೂ ಅಲ್ಲಿ ಅರ್ಧ ಸತ್ತ ಹಾಗೇ ಓಡಾಡುತ್ತಾರೆ.

ಕಥೆ ನಡೆಯುವುದು ಮೆಕ್ಸಿಕೋ ಮೂಲದವರು ಆಚರಿಸುವ ಸತ್ತವರ ಹಬ್ಬದ ದಿನಗಳಲ್ಲಿ. ನವೆಂಬರ್ ಮೊದಲ ಎರಡು ದಿನ ಸತ್ತವರು ಮನೆಗೆ ಬರುತ್ತಾರೆ ಎಂಬ ನಂಬಿಕೆ. ಅವರಿಗೆ ಇಷ್ಟದ ತಿಂಡಿ ಮಾಡಿ ಇಡುತ್ತಾರೆ, ದೀಪ ಹಚ್ಚುತ್ತಾರೆ, ದಾರಿ ಕಾಣಲಿ ಎಂದು ಚೆಂಡುಹೂ ಚೆಲ್ಲುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದರಲ್ಲಿ ಅಪರಿಚಿತವಾದದ್ದು ಏನಿದೆ? ಚೆಂಡುಹೂವೂ ನಮ್ಮಲ್ಲಿಗೆ ಬಂದಿದ್ದು ಆ ಕಡೆಯಿಂದಲೇ. ರಾಕ್ ಗಾಯಕ ಇಗ್ಗಿ ಪಾಪ್ ಮಾಡಿದ, ಜೂಡಾ ಗುಂಪಿನ ಕರ್ವ್ ಎಂಬ ಕೊಲೆಗಾರ ಸಾಯುವ ಜಾಗ ನೋಡಿ. ಬೈಕಿನಿಂದ ಬಿದ್ದವನನ್ನು ಆಶ್ ನದಿಗೆ ಎಳೆದು ತರುತ್ತಾನೆ. ಹಬ್ಬಕ್ಕೆ ಬಂದವರು ಮೇಲಿಂದ ಹೂವಿನ ಎಸಳು ಬಿಡುತ್ತಾರೆ. ನೀರಿನ ಮೇಲೆ ಆ ಎಸಳುಗಳು ಸೇರಿ ಕಾಗೆಯ ಆಕಾರ ಆಗುತ್ತದೆ. ಹೂ ಹಾಕಿದವರಿಗೆ ಕೆಳಗೆ ಯಾರಿದ್ದಾರೆ ಎಂದು ಗೊತ್ತಿಲ್ಲ. ಅವರು ತಮ್ಮ ತಮ್ಮ ಸತ್ತವರಿಗಾಗಿ ಹಾಕಿದ್ದು. ಒಬ್ಬ ಕೊಲೆಗಾರನಿಗೂ ಆ ಹೂ ಸಿಕ್ಕಿತು. ಸೇಡಿನ ಸಿನಿಮಾದಲ್ಲಿ ಇಂಥದ್ದೊಂದು ಗಳಿಗೆ ಸಿಗುವುದು ಅಪರೂಪ.

ಮುಂದೆ ಆಗಿದ್ದನ್ನು ಬರೆಯುವಾಗ ಬೇಜಾರಾಗುತ್ತದೆ.

ಸಿನಿಮಾ ಮಾಡಿಸಿದ ಮಿರಾಮ್ಯಾಕ್ಸ್ ಸಂಸ್ಥೆಗೆ ಪೋಪ್ ಮಾಡಿದ್ದು ಹಿಡಿಸಲಿಲ್ಲ. ಮೊದಲನೆಯದರ ಹಾಗೆಯೇ ಕಾಣಬೇಕು ಎಂದು ಎಡಿಟಿಂಗ್ ಮತ್ತೆ ಮಾಡಿಸಿದರು. ಬೇರೆ ದಾರಿ ಹಿಡಿದಿದ್ದ ಕಥೆಯನ್ನು ಎಳೆದು ತಂದು ಹಳೆಯ ದಾರಿಗೆ ಹಾಕಿದರು. ಚಿತ್ರಮಂದಿರಕ್ಕೆ ಬಂದದ್ದು ಒಂದೂವರೆ ಗಂಟೆಗೂ ಕಡಿಮೆ. ಅಲೆದಾಡುವ ಆತ್ಮದ ಕೊನೆ ಹೋಯಿತು. ತೆರೆಯ ಮೇಲೆ ಇರುವ ಕೊನೆಯಲ್ಲಿ ಸಾರಾ ಸಾಯುತ್ತಾಳೆ, ಆಶ್ ಕೂಡ ನೆಮ್ಮದಿಯಿಂದ ಸಾವಿಗೆ ಮರಳುತ್ತಾನೆ. ಅಪ್ಪನ ಪ್ರಶ್ನೆ ಕೇಳಿದ ಸಿನಿಮಾಕ್ಕೆ ಪ್ರೇಮಿಯ ಉತ್ತರ ಅಂಟಿಸಿದ ಹಾಗೆ.

ಎಡಿಟಿಂಗ್‌ನಲ್ಲಿ ಸಿನಿಮಾ ಹೇಗೆ ಬದಲಾಗುತ್ತದೆ ಎನ್ನುವುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಲ್ಲದಿದ್ದರೆ ಕತ್ತರಿಸಿದರು, ಹಾಳಾಯಿತು ಎಂದು ಸುಮ್ನೆ ಹೇಳಿದಂತಾಗುತ್ತದೆ. ಸೇಡಿನ ಕಥೆಗೆ ಒಂದು ಅಪಾಯ ಯಾವಾಗಲೂ ಇರುತ್ತದೆ. ಅದು ಪಟ್ಟಿಯಾಗಿಬಿಡುತ್ತದೆ. ಮೊದಲನೆಯವನು ಸತ್ತ, ಎರಡನೆಯವನು ಸತ್ತ, ಮೂರನೆಯವಳು ಸತ್ತಳು. ಪಟ್ಟಿ ಕಥೆ ಆಗಬೇಕಾದರೆ ಎರಡು ಸಾವಿನ ನಡುವೆ ಉಸಿರು ಬೇಕು. ಕೊಂದವನು ಕೈ ನೋಡಿಕೊಳ್ಳುವ ಹೊತ್ತು, ಯಾರ ಜೊತೆಗೋ ಕೂತು ಏನೂ ಮಾತಾಡದ ಹೊತ್ತು. ವೇಗ ಬೇಕು ಎಂದು ಎಡಿಟಿಂಗ್ ಮಾಡುವಾಗ ಮೊದಲು ಹೋಗುವುದು ಇಂಥ ಹೊತ್ತುಗಳೇ. ಯಾಕೆಂದರೆ ಅವುಗಳಲ್ಲಿ ಏನೂ ‘ನಡೆಯುವುದಿಲ್ಲ’. ಈಗ ಸಿಗುವ ‘ಸಿಟಿ ಆಫ್ ಏಂಜೆಲ್ಸ್’ನಲ್ಲಿ ಆಶ್ ಒಂದು ಕೊಲೆಯಿಂದ ಇನ್ನೊಂದಕ್ಕೆ ಹೋಗುವುದು ಹಾಗೇ ಕಾಣುತ್ತದೆ. ಸ್ಫೋಟ, ಅಲ್ಲಿಂದ ಇನ್ನೊಂದು ಕೋಣೆ, ಅಲ್ಲಿಂದ ಇನ್ನೊಂದು ಬೀದಿ. ಅಪ್ಪನಾಗಿ ಅವನು ನಮಗೆ ಸಿಗುವುದು ತುಂಬ ಕಡಿಮೆ.

ವಿನ್ಸೆಂಟ್ ಪೆರೇಜ್ ಬಗ್ಗೆ ಬಂದ ದೂರುಗಳಿಗೂ ಇದೇ ಕಾರಣ ಎಂದು ನನಗೆ ಅನಿಸುತ್ತದೆ. ಅವರು ಸ್ವಿಟ್ಜರ್ಲೆಂಡ್‌ನವರು, ಫ್ರೆಂಚ್ ಸಿನಿಮಾಗಳಲ್ಲಿ ಒಳ್ಳೆಯ ಪಾತ್ರ ಮಾಡಿ ಬಂದವರು. ಕೊಲೆಗಾರರ ಎದುರು ನಿಂತಾಗ ಅವರು ಬ್ರ್ಯಾಂಡನ್ ಲೀ ಮಾಡಿದ ಹಾಗೆ ತಮಾಷೆ ಮಾಡುತ್ತಾರೆ, ತಲೆ ವಾಲಿಸುತ್ತಾರೆ, ಆಗ ಎರವಲು ಅಂಗಿ ಹಾಕಿಕೊಂಡವರಂತೆ ಕಾಣುತ್ತಾರೆ. ಆದರೆ ಮಗನ ವಿಷಯ ಬಂದಾಗ ಅವರೇ ಬೇರೆ. ತಾನು ಸತ್ತಿದ್ದೇನೆ ಎಂದು ಸಾರಾಳ ಬಾಯಿಂದ ಕೇಳಿ, ಚೀರುತ್ತಾ ರಾತ್ರಿಯಲ್ಲಿ ಓಡಿ, ತನ್ನ ಮನೆ ಸೇರಿ ಕೂರುವ ಭಾಗ ಇದೆ. ಅಲ್ಲಿ ಬ್ರ್ಯಾಂಡನ್ ನೆರಳು ಇಲ್ಲವೇ ಇಲ್ಲ. ಬದುಕಿದ್ದಾಗಿನ ಕೊನೆಯ ಗಳಿಗೆ ಮತ್ತೆ ಮತ್ತೆ ಕಣ್ಣಿಗೆ ಬರುವ ಒಬ್ಬ ಅಪ್ಪ ಇದ್ದಾನೆ. ಆ ನಟನನ್ನು ಸಿನಿಮಾ ಪೂರ್ತಿ ನೋಡುವ ಅವಕಾಶ ನಮಗೆ ಸಿಗಲಿಲ್ಲ.

ತಪ್ಪೆಲ್ಲ ಕತ್ತರಿಯದ್ದೇ ಎಂದು ನಾನು ಹೇಳಲಾರೆ. ಜೂಡಾ ಅರ್ಲ್ ಪಾತ್ರ ಬರೆದಾಗಲೇ ತೆಳುವಾಗಿತ್ತು. ಅವನ ಬಳಿ ಒಬ್ಬ ಕುರುಡು ಕಣಿಗಾರ್ತಿ, ಕಾಗೆಯ ಗುಟ್ಟು ಅವಳಿಗೆ ಹೇಗೋ ತಿಳಿಯುತ್ತದೆ. ಅವನು ಕಾಗೆಯನ್ನು ಹಿಡಿದು ರೆಕ್ಕೆಗೆ ಚಾಕು ಚುಚ್ಚಿ, ಕೊಂದು, ರಕ್ತ ಕುಡಿದು ಶಕ್ತಿ ಪಡೆಯುತ್ತಾನೆ. ಇದು ಆಕ್ಷನ್ ಸಿನಿಮಾಕ್ಕೆ ಸಮಬಲದ ಎದುರಾಳಿ ಬೇಕು ಎಂದು ಸೇರಿಸಿದ್ದು. ಕಾಗೆ ಒಂದು ನಂಬಿಕೆಯಾಗಿ ಇರುವವರೆಗೆ ಅದಕ್ಕೊಂದು ತೂಕ ಇತ್ತು. ಔಷಧಿಯ ಬಾಟಲಿಯ ಹಾಗೆ ಯಾರು ಬೇಕಾದರೂ ಕುಡಿಯಬಹುದು ಎಂದಾದ ಮೇಲೆ ಆ ತೂಕ ಇಳಿಯಿತು. ಜೂಡಾ ಗುಂಪಿನ ಕಾಲಿ ಎಂಬವಳ ಪಾತ್ರಕ್ಕೂ ಇನ್ನಷ್ಟು ಜಾಗ ಬೇಕಿತ್ತು. ಅದನ್ನು ಮಾಡಿದ ತುಯ್ ಟ್ರಾಂಗ್ ಮಕ್ಕಳ ಅಚ್ಚುಮೆಚ್ಚಿನ ‘ಪವರ್ ರೇಂಜರ್ಸ್’ನ ಹಳದಿ ರೇಂಜರ್. ಇಲ್ಲಿ ಮಗುವನ್ನು ಕೊಂದವಳಾಗಿ ಬರುತ್ತಾರೆ. 2001ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಇನ್ನೂ 27 ವರ್ಷ. ಅವರನ್ನು ತೆರೆಯ ಮೇಲೆ ಮತ್ತೆ ನೋಡುವಾಗ ಇದೂ ನೆನಪಾಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಏನಾಯಿತು? ಬಿಡುಗಡೆಯಾದ ವಾರಾಂತ್ಯ ಅಮೆರಿಕದಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಆ ಕೆಲವು ದಿನದಲ್ಲೇ ಹತ್ತಿರ ಹತ್ತಿರ 1 ಕೋಟಿ ಡಾಲರ್ ಬಂತು. ಅಂದರೆ ಜನ ಬಂದಿದ್ದರು. ಬಂದವರು ಇನ್ನೊಬ್ಬರಿಗೆ ಹೇಳಲಿಲ್ಲ. ಒಟ್ಟು ಗಳಿಕೆ ಅಲ್ಲಿ 1.8 ಕೋಟಿಯ ಹತ್ತಿರ ನಿಂತುಹೋಯಿತು. ಸಿನಿಮಾಕ್ಕೆ ಆದ ಖರ್ಚು ಸುಮಾರು 1.3 ಕೋಟಿ. ಮೊದಲನೆಯದರ ಹಾಗೆ ಮಾಡಿದರೆ ಗೆಲ್ಲುತ್ತದೆ ಎಂದು ಕತ್ತರಿ ಹಾಕಿದವರ ಲೆಕ್ಕ ಮೊದಲ ವಾರಕ್ಕಷ್ಟೇ ಸರಿಹೋಯಿತು. ಹಳೆಯ ಹೆಸರು ಜನರನ್ನು ಬಾಗಿಲವರೆಗೆ ತಂದಿತು. ಒಳಗೆ ಹಳೆಯದರ ನಕಲು ಸಿಕ್ಕಿತು. ನಕಲು ನೋಡಬೇಕಾದರೆ ಮನೆಯಲ್ಲಿ ಅಸಲಿ ಕ್ಯಾಸೆಟ್ಟೇ ಇತ್ತಲ್ಲ.

2024ರಲ್ಲಿ ಎಡವಿದ್ದು ಇದರ ಉಲ್ಟಾ ಕಡೆಯಿಂದ ಎಂದು ಹಲವರು ಹೇಳುತ್ತಾರೆ, ಹೊಸದು ತೀರಾ ಬೇರೆಯಾಯಿತು ಎಂದು. ನನ್ನ ಲೆಕ್ಕ ಬೇರೆ. ಅದರಲ್ಲೂ ಅದೇ ಎರಿಕ್, ಅದೇ ಶೆಲ್ಲಿ, ಅದೇ ಪ್ರೇಮಿಗಳ ಸಾವು. ಮೇಲಿನ ಬಟ್ಟೆ ಬದಲಾಯಿಸಿದರು, ದುಃಖ ಬದಲಾಯಿಸಲಿಲ್ಲ. ಬ್ರ್ಯಾಂಡನ್ ಲೀ ಹೆಸರಿನ ಜೊತೆ ಸೇರಿಹೋದ ಆ ಒಂದು ದುಃಖವನ್ನು ಬೇರೆಯವರ ಮುಖಕ್ಕೆ ಹಚ್ಚಲು ಹೋದರು. ಮೊದಲ ಸಿನಿಮಾದ ನಿರ್ದೇಶಕ ಅಲೆಕ್ಸ್ ಪ್ರೋಯಾಸ್, ಇದು ಬ್ರ್ಯಾಂಡನ್ ಬಿಟ್ಟುಹೋದದ್ದು, ಹಾಗೇ ಇರಲಿ ಎಂದು ಬಹಿರಂಗವಾಗಿ ಕೇಳಿಕೊಂಡಿದ್ದರು. ಎರಿಕ್‌ನ ವಿಷಯದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಕಾಗೆ ಒಬ್ಬ ಎರಿಕ್‌ನದು ಮಾತ್ರ ಅಲ್ಲ. ಅನ್ಯಾಯವಾಗಿ ಸತ್ತ ಯಾರ ಬಳಿಗೂ ಅದು ಬರಬಹುದು. ಅಪ್ಪನ ಬಳಿಗೆ, ಕೂಲಿ ಕೇಳಿ ಸತ್ತವನ ಬಳಿಗೆ, ಮುದುಕಿಯ ಬಳಿಗೆ. 1996ರ ಸಿನಿಮಾ ಈ ಬಾಗಿಲನ್ನು ತೆರೆದಿತ್ತು. ಅದು ಸೋತದ್ದರಿಂದ 2024ರವರು ಕಲಿತದ್ದು ತಪ್ಪು ಪಾಠ. ಹೊಸ ಸತ್ತವನನ್ನು ತಂದದ್ದಕ್ಕೆ ಸೋತಿತು ಎಂದುಕೊಂಡರು. ನಡುವೆ 2000 ಮತ್ತು 2005ರಲ್ಲಿ ಇನ್ನೆರಡು ಭಾಗ ಬಂದಿದ್ದವು, ಎರಡೂ ಹೆಚ್ಚು ಕಡೆ ಚಿತ್ರಮಂದಿರವನ್ನೇ ಕಾಣಲಿಲ್ಲ.

ಬರೆದವರಿಗೆ ಬರೆಯಲು ಬರುತ್ತಿರಲಿಲ್ಲ ಎನ್ನುವ ಮಾತೂ ನಿಲ್ಲುವುದಿಲ್ಲ. ಎರಡೇ ವರ್ಷದಲ್ಲಿ, 1998ರಲ್ಲಿ, ಇದೇ ಗೋಯರ್ ಬರೆದ ‘ಬ್ಲೇಡ್’ ಬಂದು ಗೆದ್ದಿತು. ಆಮೇಲೆ ಅವರು ‘ಬ್ಯಾಟ್‌ಮನ್ ಬಿಗಿನ್ಸ್’ ಬರವಣಿಗೆಯಲ್ಲೂ ಇದ್ದರು. ಅದೂ ಕಣ್ಣೆದುರು ಅಪ್ಪ ಅಮ್ಮನನ್ನು ಕಳೆದುಕೊಂಡ ಮಗು ದೊಡ್ಡವನಾಗುವ ಕಥೆ. ಸಾರಾ ಪಾತ್ರದಲ್ಲಿ ಕೇಳಿ ಅರ್ಧಕ್ಕೆ ಬಿಟ್ಟ ಪ್ರಶ್ನೆ ಅಲ್ಲಿ ಬೇರೆ ವೇಷದಲ್ಲಿ ಮುಂದುವರಿದ ಹಾಗೆ ನನಗೆ ಕಾಣುತ್ತದೆ.

ಈಗ ಕಾಲ ಸ್ವಲ್ಪ ಬದಲಾಗಿದೆ. 2021ರಲ್ಲಿ ಜ್ಯಾಕ್ ಸ್ನೈಡರ್ ತಮ್ಮ ‘ಜಸ್ಟಿಸ್ ಲೀಗ್’ ಅನ್ನು ತಮಗೆ ಬೇಕಾದ ಹಾಗೆ, ನಾಲ್ಕು ಗಂಟೆಯ ಸಿನಿಮಾ ಮಾಡಿ ಒಟಿಟಿಗೆ ಕೊಟ್ಟರು. ಅಭಿಮಾನಿಗಳು ವರ್ಷಗಟ್ಟಲೆ ಪಟ್ಟುಹಿಡಿದು ಕೇಳಿದ್ದರಿಂದ ಅದು ಸಾಧ್ಯವಾಯಿತು. ಪೋಪ್ ಸಿನಿಮಾಕ್ಕೆ ಅಂಥ ಗುಂಪು ಹುಟ್ಟಲಿಲ್ಲ. ಡಿವಿಡಿ ಕಾಲದಲ್ಲಿ ಕೆಲವು ನಿಮಿಷ ಜಾಸ್ತಿ ಇರುವ ಒಂದು ಆವೃತ್ತಿ ಬಂತು. ಅದು ನಿರ್ದೇಶಕರ ಕಲ್ಪನೆಯ ಪೂರ್ತಿ ಸಿನಿಮಾ ಅಲ್ಲ, ಆದರೂ ಉಸಿರಾಡುವ ಜಾಗ ಒಂಚೂರು ಜಾಸ್ತಿ ಇದೆ. ಸಿಕ್ಕರೆ ಅದನ್ನೇ ನೋಡಿ.

ನೋಡುವಾಗ ಒಂದು ಸಣ್ಣ ಸಲಹೆ. ಮೊದಲನೆಯದನ್ನು ಹಿಂದಿನ ದಿನವೇ ನೋಡಬೇಡಿ. ನಡುವೆ ಒಂದೆರಡು ವಾರ ಬಿಡಿ. ರಾತ್ರಿ ನೋಡಿ, ಕೋಣೆಯ ದೀಪ ಆರಿಸಿ, ಇಲ್ಲದಿದ್ದರೆ ಆ ಹಳದಿ ಸರಿಯಾಗಿ ಸಿಗುವುದಿಲ್ಲ. ಸಾರಾ ಬಂದರಿನ ಅಂಚಿಗೆ ಬಂದು ನಿಲ್ಲುವ ಜಾಗದಲ್ಲಿ ಫೋನ್ ಪಕ್ಕಕ್ಕಿಡಿ. ನೀರಿನೊಳಗೆ ಆಶ್ ಕಣ್ಣು ಬಿಡುತ್ತಾನೆ. ಒದ್ದಾಡುತ್ತಾನೆ, ಬಿಡಿಸಿಕೊಳ್ಳುತ್ತಾನೆ, ಮೇಲೆ ಬಂದು ಉಸಿರಿಗೆ ಬಾಯಿ ತೆರೆಯುತ್ತಾನೆ. ಅಪ್ಪ ಮೇಲೆ ಬಂದ. ಕಾಗೆ ಕರೆದಿದ್ದು ಅವನೊಬ್ಬನನ್ನೇ. ಮಗ ಕೆಳಗೇ ಉಳಿದ.